ಬೋರ್ ಕೊರೆಸುವ ಮೊದಲು ಡ್ರಮ್ಮು ಇಟ್ಟು ನೋಡಿದ್ದು

ಮಾರ್ಚ್ ಎರಡನೇ ವಾರ. ಮೇಲಿನ ತೋಟದ ಅಡಿಕೆ ಮರಗಳ ಸೋಗೆ ಜೋತು ಬಿದ್ದಿತ್ತು. ಬುಡದಲ್ಲಿ ನಳ್ಳಿ ಗುಡಿಸಿ ತೆಗೆಯುವಷ್ಟು ಉದುರಿತ್ತು. ನೀರು ಸಾಲುವುದಿಲ್ಲ, ಇನ್ನೊಂದು ಬೋರ್ ಹೊಡೆಸಲೇಬೇಕು ಎಂದು ಮನೆಯಲ್ಲಿ ತೀರ್ಮಾನ ಆಯಿತು. ತೀರ್ಮಾನ ಆದದ್ದು ರಾತ್ರಿ ಊಟಕ್ಕೆ ಕೂತಲ್ಲಿ, ಹತ್ತು ನಿಮಿಷದಲ್ಲಿ. ಎರಡು ದಿನದಲ್ಲಿ ನೀರು ನೋಡುವವರು ಬಂದು ಗುಡ್ಡೆಯ ಬುಡದಲ್ಲಿ ಒಂದು ಜಾಗ ತೋರಿಸಿ ಗೂಟ ಊರಿಸಿದರು. ಸೊಸೈಟಿಯಲ್ಲಿ ಸಾಲದ ಅರ್ಜಿ ಕೇಳಿ ತಂದದ್ದೂ ಆಯಿತು.

ಅರ್ಜಿಯಲ್ಲಿ ಜಾಮೀನಿಗೆ ಸಹಿ ಹಾಕಲು ಭಾವನನ್ನು ಕರೆದಿದ್ದೆ. ಅವರು ಪೆನ್ನು ತೆಗೆಯುವ ಮೊದಲು ಕೇಳಿದರು, "ಈಗ ಇರುವ ಬೋರಲ್ಲಿ ನೀರೆಷ್ಟು ಬರ್ತದೆ?"

"ಒಂದೂವರೆ ಇಂಚು ಇರಬಹುದು ಭಾವ."

"ಇರಬಹುದು ಅಂದರೆ? ಯಾವಾಗ ನೋಡಿದ್ದು?"

ನಾನು ನೋಡಿದ್ದು 2009ರಲ್ಲಿ, ಕೊರೆಸಿದ ದಿನ. ಆಗ ಎರಡು ಇಂಚು ಎಂದು ಹೇಳಿದ್ದರು. ಅದರ ನಂತರ ಅಳೆದದ್ದೇ ಇಲ್ಲ. ಉತ್ತರ ಇಲ್ಲದೆ ನಾನು ಚಾ ತರಲು ಒಳಗೆ ಹೋದೆ. ಭಾವ ಸಹಿ ಹಾಕದೆ ಮನೆಗೆ ಹೋದರು. ಆ ದಿನ ಸ್ವಲ್ಪ ಬೇಜಾರಾದದ್ದು ಹೌದು.

ಇದಕ್ಕೆ ಹಿಂದೆ ಒಂದು ಕಥೆ ಉಂಟು. 2016ರ ಬೇಸಗೆ ನಿಮಗೆ ನೆನಪಿರಬಹುದು. ತೋಡು, ಕೆರೆ ಎಲ್ಲ ಒಣಗಿ ಕರಾವಳಿಯಲ್ಲೂ ಟ್ಯಾಂಕರಿನ ನೀರು ಕುಡಿಯುವ ಸ್ಥಿತಿ. ಪಕ್ಕದ ಮನೆಯ ಅಂಗಳದಲ್ಲಿ ಬೋರಿನ ಲಾರಿ ನಿಂತಿತ್ತು. "ಗಾಡಿ ಇಲ್ಲಿಯೇ ಉಂಟು, ಈಗ ಬಿಟ್ಟರೆ ಇನ್ನು ಒಂದು ತಿಂಗಳು ಸಿಗುವುದಿಲ್ಲ" ಅಂದರು. ಅದೇ ರಾತ್ರಿ ನಮ್ಮಲ್ಲಿ ಕೊರೆದರು. ಬೆಳಗಾಗುವಾಗ ತೋಟಕ್ಕೆಲ್ಲ ಬಿಳಿ ಹುಡಿ ಹಾರಿತ್ತು, ನೀರು ಬರಲಿಲ್ಲ. ಆ ಸಾಲ ತೀರಿಸಲು ನಾಲ್ಕು ವರ್ಷ ಬೇಕಾಯಿತು. ಭಾವನಿಗೆ ಇದು ಗೊತ್ತಿದ್ದ ಕಾರಣವೇ ಆ ಪ್ರಶ್ನೆ.

ಸಮಸ್ಯೆಗೆ ಲೆಕ್ಕ ಹಾಕುವುದು

"ನೀರು ಸಾಲುವುದಿಲ್ಲ" ಎಂಬುದು ಸಮಸ್ಯೆ ಅಲ್ಲ, ಅದು ದೂರು. ಎಷ್ಟು ಬೇಕು, ಎಷ್ಟು ಬರ್ತದೆ, ಎಷ್ಟು ಕಡಿಮೆ ಎಂದು ಬರೆದ ಮೇಲೆ ಅದು ಸಮಸ್ಯೆ ಆಗ್ತದೆ. ಇದು ನನಗೆ ತಡವಾಗಿ ಹೊಳೆದ ಸಂಗತಿ.

ಬೇಕಾದ ನೀರಿನ ಲೆಕ್ಕ ಸುಲಭ. ಫಲ ಕೊಡುವ ಅಡಿಕೆ ಮರಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕೆಂದು ವಿಟ್ಲದ ಸಿ.ಪಿ.ಸಿ.ಆರ್.ಐ. ಶಿಫಾರಸು ಇದೆ. ನಮ್ಮದು 700 ಮರ. ಅಂದರೆ ದಿನಕ್ಕೆ 11,200ರಿಂದ 14,000 ಲೀಟರ್.

ಬರುವ ನೀರು ಅಳೆಯಲು 200 ಲೀಟರಿನ ಒಂದು ಡ್ರಮ್ಮು, ಒಂದು ಗಡಿಯಾರ ಸಾಕು. ಡ್ರಮ್ಮು ಎಷ್ಟು ನಿಮಿಷದಲ್ಲಿ ತುಂಬಿತು ನೋಡಿ, 200ನ್ನು ಆ ನಿಮಿಷದಿಂದ ಭಾಗಿಸಿ. ಪಂಪು ಹಾಕಿದ ಕೂಡಲೇ ಅಳೆಯಬಾರದು. ಬೋರಿನಲ್ಲಿ ರಾತ್ರಿಯಿಡೀ ನಿಂತ ನೀರು ಮೊದಲು ಬಂದು ಮೋಸ ಮಾಡ್ತದೆ. ಒಂದೆರಡು ಗಂಟೆ ಓಡಿದ ನಂತರ ಅಳೆದದ್ದು ನಿಜವಾದ ಲೆಕ್ಕ.

ಇಂಚಿನ ಲೆಕ್ಕದ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡ್ತೇನೆ. ಕೊರೆಯುವವರು ಹೇಳುವ ಇಂಚು ಪೈಪಿನ ಇಂಚು ಅಲ್ಲ. ಅದು ತ್ರಿಕೋನ ಕಿಂಡಿ ಇರುವ ತಗಡಿನ ಮೇಲೆ ಹರಿಯುವ ನೀರಿನ ಎತ್ತರ. ಕಿಂಡಿ ಮೇಲೆ ಹೋದಂತೆ ಅಗಲ ಆಗುವ ಕಾರಣ ಒಂದು ಇಂಚಿನ ದುಪ್ಪಟ್ಟು ಎರಡು ಇಂಚು ಆಗುವುದಿಲ್ಲ. ಒಂದು ಇಂಚಿಗೆ ಗಂಟೆಗೆ ಸುಮಾರು 530 ಲೀಟರ್ ಬಂದರೆ, ಎರಡು ಇಂಚಿಗೆ ಹತ್ತಿರ ಹತ್ತಿರ 3,000 ಲೀಟರ್. ಐದೂವರೆ ಪಟ್ಟು! "ಎರಡು ಇಂಚು ಇದ್ದದ್ದು ಒಂದಾಯಿತು" ಅಂದರೆ ಅರ್ಧ ಹೋಯಿತು ಅಂತ ಅಲ್ಲ, ಐದರಲ್ಲಿ ನಾಲ್ಕು ಪಾಲು ಹೋಯಿತು ಅಂತ. ಈ ಕಾರಣಕ್ಕೆ ಲೀಟರಿನಲ್ಲೇ ಮಾತಾಡುವುದು ಒಳ್ಳೆಯದು.

ಸರಿ, ನಮ್ಮ ಬೋರಿನ ಬಾಯಲ್ಲಿ ಪೈಪು ಬಿಚ್ಚಿ ಡ್ರಮ್ಮು ಇಟ್ಟೆವು. ಐದು ನಿಮಿಷಕ್ಕೆ ತುಂಬಿತು. ನಿಮಿಷಕ್ಕೆ 40 ಲೀಟರ್. ಅಂದರೆ ಬೋರ್ ಅಷ್ಟೇನೂ ಸೋತಿರಲಿಲ್ಲ. ಅದೇ ಡ್ರಮ್ಮನ್ನು ಗುಡ್ಡೆಯ ಮೇಲಿನ ಟ್ಯಾಂಕಿನ ಹತ್ತಿರ ಇಟ್ಟಾಗ ಎಂಟು ನಿಮಿಷ ಬೇಕಾಯಿತು. ನಿಮಿಷಕ್ಕೆ 25 ಲೀಟರ್ ಮಾತ್ರ. ತ್ರೀ ಫೇಸ್ ಕರೆಂಟು ನಮಗೆ ಸಿಗುವುದು ದಿನಕ್ಕೆ ಆರು ಗಂಟೆ. ಟ್ಯಾಂಕಿಗೆ ಬೀಳುವುದು 9,000 ಲೀಟರ್. ಮರ ಒಣಗದೆ ಏನಾದೀತು?

ಎತ್ತರಕ್ಕೆ ಹೋಗುವಾಗ ಪಂಪಿನ ನೀರು ಸ್ವಲ್ಪ ಕಡಿಮೆ ಆಗ್ತದೆ, ಅದು ಸಹಜ. ಆದರೆ ನೂರಾರು ಅಡಿ ಆಳದಿಂದ ಎತ್ತುವ ಪಂಪಿಗೆ ಗುಡ್ಡೆಯ ಇನ್ನೊಂದು 60 ಅಡಿ ಇಷ್ಟು ದೊಡ್ಡ ಭಾರ ಆಗಲಾರದು ಅಂತ ಭಾವನ ಅಭಿಪ್ರಾಯ. ಅಭಿಪ್ರಾಯವನ್ನು ನಂಬುವ ಬದಲು ಪರೀಕ್ಷೆ ಮಾಡಿದೆವು.

ಅರ್ಧರ್ಧ ಮಾಡಿ ಹುಡುಕಿದ್ದು

ಬೋರಿನಿಂದ ಟ್ಯಾಂಕಿಗೆ 600 ಅಡಿ ಪಿ.ವಿ.ಸಿ. ಪೈಪು, ಎಲ್ಲ ಮಣ್ಣಿನ ಅಡಿಯಲ್ಲಿ. ಎಲ್ಲಿ ಅಂತ ಅಗೆಯುವುದು? ಹೀಗೆ ಮಾಡಿದೆವು. ಟ್ಯಾಂಕಿಗೆ ನೀರು ಬೀಳುವವರೆಗೆ ಪಂಪು ಓಡಿಸಿ, ಆಫ್ ಮಾಡಿ, ಕೂಡಲೇ ಬೋರಿನ ಹತ್ತಿರದ ಗೇಟ್ ವಾಲ್ವ್ ಮುಚ್ಚಿದೆವು. ಈಗ ಪೈಪಿನೊಳಗೆ ಬುಡದಿಂದ ತುದಿವರೆಗೆ ನೀರು ನಿಂತಿರಬೇಕು. ಟ್ಯಾಂಕಿನ ಮೇಲಿನ ಬೆಂಡ್ ಬಿಚ್ಚಿ ನೋಡಿದರೆ ಮೊದಲು ನೀರು ಬಾಯಿಮಟ್ಟ ಇತ್ತು. ಅರ್ಧ ಗಂಟೆ ಕಳೆದು ನಾಲ್ಕಡಿ ಕೋಲು ಇಳಿಸಿದರೆ ಕೋಲು ಒದ್ದೆ ಆಗಲಿಲ್ಲ. ನೀರು ಎಲ್ಲೋ ಹೋಗ್ತಾ ಇತ್ತು.

ಪೈಪಿನ ಮಧ್ಯದಲ್ಲಿ ಅಪ್ಪನ ಕಾಲದಲ್ಲಿ ಹಾಕಿದ ಒಂದು ವಾಲ್ವ್ ಉಂಟು. ಅದು ಯಾಕೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಪುನಃ ತುಂಬಿಸಿ ಅದನ್ನೂ ಮುಚ್ಚಿದೆವು. ಮೇಲಿನ ಅರ್ಧದ ನೀರು ಸಂಜೆವರೆಗೂ ಅಲ್ಲಾಡಲಿಲ್ಲ. ಕಳ್ಳ ಕೆಳಗಿನ 300 ಅಡಿಯಲ್ಲಿ ಇದ್ದಾನೆ ಎಂದಾಯಿತು. (ಮೇಲಿನ ಅರ್ಧ ಇಳಿದಿದ್ದರೆ ವಾಲ್ವೇ ಸೋರುತ್ತದೋ ಎಂದು ಮೊದಲು ನೋಡಬೇಕು. ಹಳೆಯ ವಾಲ್ವನ್ನು ನಂಬಬಾರದು.)

ಆ 300 ಅಡಿಯಲ್ಲಿ ಎಲ್ಲಿ ಎಂಬುದಕ್ಕೆ ಎರಡು ಪ್ರಶ್ನೆ ಕೆಲಸಕ್ಕೆ ಬಂದವು. ಮೊದಲನೆಯದು, ಇತ್ತೀಚೆಗೆ ಏನು ಬದಲಾಗಿದೆ? ಕಳೆದ ವರ್ಷ ಇದೇ ಬೋರು, ಇದೇ ಮರ, ಮಾರ್ಚಿನಲ್ಲಿ ತೊಂದರೆ ಇರಲಿಲ್ಲ. ಈ ವರ್ಷ ಹೊಸತಾಗಿ ಆದದ್ದು ಏನು? ಜನವರಿಯಲ್ಲಿ ಮನೆಗೆ ಬರುವ ಮಾರ್ಗ ಅಗಲ ಮಾಡಲು ಜೆ.ಸಿ.ಬಿ. ಬಂದಿತ್ತು. ಪೈಪು ಆ ಮಾರ್ಗದ ಅಡಿಯಲ್ಲೇ ದಾಟುವುದು.

ಎರಡನೆಯದು ಹೆಂಡತಿ ಕೇಳಿದ ಪ್ರಶ್ನೆ. "ಎಲ್ಲ ಕಡೆ ಬಾಡಿದ್ದರೆ ಮಾರ್ಗದ ಕರೆಯ ಆ ಐದು ಮರ ಮಾತ್ರ ಹಸುರು ಯಾಕೆ? ಮಾರ್ಚಿನಲ್ಲೂ ಅಲ್ಲಿ ನನಗೆ ದಿನಾ ಒಂದು ಕಟ್ಟ ಹುಲ್ಲು ಸಿಗ್ತದಲ್ಲ." ಆ ಮರಗಳನ್ನು ನಾನೂ ದಿನಾ ನೋಡಿದ್ದೆ. ಗೊಬ್ಬರ ಚೆನ್ನಾಗಿ ಹಿಡಿದಿದೆ ಅಂತ ಸಂತೋಷಪಟ್ಟಿದ್ದೆ! ರೋಗ ಇರುವಲ್ಲಿ ಮಾತ್ರ ನಾವು ನೋಡ್ತೇವೆ, ಇಲ್ಲದಲ್ಲಿ ಯಾಕೆ ಇಲ್ಲ ಎಂದು ಕೇಳುವುದಿಲ್ಲ.

ಅಲ್ಲಿಯೇ ಅಗೆದೆವು. ಎರಡಡಿ ಆಳದಲ್ಲಿ ಜೋಡಣೆಯೊಂದು ಬಾಯಿ ಬಿಟ್ಟಿತ್ತು. ಅಡಿಯಲ್ಲಿ ಮುರಕಲ್ಲಿನ ಸಂದು, ನೀರೆಲ್ಲ ಅದರೊಳಗೆ. ಮೇಲೆ ಮಣ್ಣು ಒದ್ದೆ ಆಗದ್ದು ಅದಕ್ಕೇ. ಹೊಸ ಜೋಡಣೆ, ಅಂಟು, ಭಾರ ತಡೆಯಲು ಮೇಲಿಂದ ಒಂದು ಕಬ್ಬಿಣದ ಪೈಪಿನ ತುಂಡು, ಇಬ್ಬರ ಅರ್ಧ ದಿನದ ಕೆಲಸ. ಮರುದಿನ ಟ್ಯಾಂಕಿನ ಹತ್ತಿರ ಡ್ರಮ್ಮು ಐದೂವರೆ ನಿಮಿಷಕ್ಕೆ ತುಂಬಿತು. ಆರು ಗಂಟೆಗೆ 13,000 ಲೀಟರ್. ಬೇಕಾದ ಲೆಕ್ಕದ ಒಳಗೇ ಬಂತು.

ಆದರೂ ಮೇಲಿನ ತೋಟ ಬಾಡಿಯೇ ಇತ್ತು

ಇಲ್ಲಿಗೆ ಕಥೆ ಮುಗಿದಿದ್ದರೆ ಬರೆಯಲು ಚೆನ್ನಾಗಿತ್ತು. ವಾರ ಕಳೆದರೂ ಮೇಲಿನ ತೋಟ ಚೇತರಿಸಲಿಲ್ಲ. ಟ್ಯಾಂಕಿನಲ್ಲಿ ನೀರುಂಟು, ಮರಕ್ಕೆ ಇಲ್ಲ.

ಒಂದು ಲೀಟರಿನ ಬಾಟಲಿ ಹಿಡಿದು ಡ್ರಿಪ್ಪರುಗಳ ಅಡಿಯಲ್ಲಿ ಇಟ್ಟೆ. ಕೆಳಗಿನ ತೋಟದಲ್ಲಿ ಕಾಲು ಗಂಟೆಗೆ ಬಾಟಲಿ ತುಂಬಿತು. ಮೇಲಿನದ್ದರಲ್ಲಿ ಅದೇ ಹೊತ್ತಿಗೆ ಕಾಲು ಬಾಟಲಿಯೂ ಇಲ್ಲ. ಕಾರಣ ಎರಡು ಇರಬಹುದು. ಬೋರಿನ ನೀರಿನ ಕೆಂಪು ಕಲ್ಮಶ ಕಟ್ಟಿರಬಹುದು. ಅಥವಾ ಮೇಲಿನ ತೋಟ ಟ್ಯಾಂಕಿಗೆ ತೀರ ಹತ್ತಿರದ ಎತ್ತರದಲ್ಲಿ ಇರುವುದರಿಂದ ಒತ್ತಡ ಸಾಲದೆ ಇರಬಹುದು. ನೀರಿನ ಒತ್ತಡ ಬರುವುದು ದೂರದಿಂದಲ್ಲ, ಇಳಿತದಿಂದ. 33 ಅಡಿ ಇಳಿದರೆ ಸುಮಾರು ಒಂದು ಕೆ.ಜಿ. ಒತ್ತಡ. ನಮ್ಮ ಮೇಲಿನ ತೋಟಕ್ಕೆ ಎಂಟು ಅಡಿ ಇಳಿತವೂ ಇಲ್ಲ.

ಇಂಥ ಹೊತ್ತಿನಲ್ಲಿ ಎರಡನ್ನೂ ಒಟ್ಟಿಗೆ ಸರಿ ಮಾಡುವ ಅವಸರ ನಮಗೆಲ್ಲ ಉಂಟು. ಹಾಗೆ ಮಾಡಿದರೆ ಯಾವುದರಿಂದ ಗುಣ ಆಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ವರ್ಷ ಪುನಃ ಎರಡಕ್ಕೂ ಖರ್ಚು. ಮೊದಲು ಫಿಲ್ಟರ್ ತೊಳೆದು, ಲ್ಯಾಟರಲ್‌ಗಳ ತುದಿ ಬಿಚ್ಚಿ ಕೆಂಪು ನೀರು ಹೋಗುವವರೆಗೆ ಬಿಟ್ಟು ಅಳೆದೆ. ಕಾಲು ಬಾಟಲಿ ಇದ್ದದ್ದು ಅರ್ಧಕ್ಕೆ ಹತ್ತಿರ ಬಂತು. ಮರುದಿನ ಕೆಳಗಿನ ತೋಟದ ವಾಲ್ವ್ ಮುಚ್ಚಿ ಮೇಲಿನದ್ದಕ್ಕೆ ಮಾತ್ರ ಬಿಟ್ಟೆ. ಅರ್ಧ ದಾಟಿತು. ಅಷ್ಟು ಸಾಕು. ಈಗ ಮೇಲಿನ ತೋಟಕ್ಕೆ ಬೇರೆಯೇ ಪಾಳಿ, ಕೆಳಗಿನದ್ದಕ್ಕಿಂತ ಹೆಚ್ಚು ಹೊತ್ತು. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ.

10 ಎಚ್.ಪಿ.ವರೆಗಿನ ಪಂಪಿಗೆ ಕರೆಂಟು ಉಚಿತ ಆದದ್ದರಿಂದ ಹೋಗುವ ನೀರಿಗೆ ಬೆಲೆ ಇಲ್ಲ ಎಂಬ ಭಾವನೆ ನಮ್ಮಲ್ಲಿ ಬಂದುಬಿಟ್ಟಿದೆ. ಬಿಲ್ಲು ಬರುವ ಕಾಲದಲ್ಲಾದರೆ ಜನವರಿಯಲ್ಲೇ ಗೊತ್ತಾಗುತ್ತಿತ್ತೋ ಏನೋ.

ಕೊಳೆರೋಗಕ್ಕೂ ಇದೇ ದಾರಿ

ಮದ್ದು ಬಿಟ್ಟರೂ ಕೊಳೆ ಬಂತು, ಮೈಲುತುತ್ತು ಸರಿ ಇಲ್ಲ ಎಂದು ಪ್ರತಿ ಮಳೆಗಾಲ ಕೇಳ್ತೇವೆ. ಮೈಲುತುತ್ತು ಕೆಟ್ಟದ್ದಾದರೆ ತೋಟ ಇಡೀ ಬರಬೇಕಲ್ಲ? ಯಾವ ಮರಕ್ಕೆ ಬಂತು, ಯಾವುದಕ್ಕೆ ಇಲ್ಲ ಎಂದು ಒಮ್ಮೆ ಸುತ್ತಿ ಬನ್ನಿ. ಕೊನೆಗೆ ಬಿಟ್ಟ ತುಂಡಿಗೆ ಮಾತ್ರ ಬಂದಿದ್ದರೆ ಮಳೆಗೆ ಮುಂಚೆ ಮುಗಿಯಲಿಲ್ಲ ಎಂದು ಅರ್ಥ. ಮದ್ದಿನ ಗಾಳಿ ತಲುಪದ ಒಂದೇ ಬದಿಯ ಗೊನೆಗೆ ಬಂದಿದ್ದರೆ ಅದು ಬಿಟ್ಟ ಕ್ರಮದ ತಪ್ಪು. ತೋಟ ಇಡೀ ಬಂದಿದ್ದರೆ ಆಗ ಪಾಕವನ್ನೂ ಸಂಶಯಿಸಿ: 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಹೊಳೆಯುವ ಕತ್ತಿಯ ಅಲಗು ಅದ್ದಿ ತೆಗೆದಾಗ ಕೆಂಪು ಕಟ್ಟಿದರೆ ಸುಣ್ಣ ಸಾಲದು.

ಹಾಗಾದರೆ ಬೋರ್ ಬೇಡವೋ?

ಬೇಡ ಅಂತ ನಾನು ಹೇಳುವುದಿಲ್ಲ. ನಾಳೆ ಬೇಕಾಗಲೂಬಹುದು. ಆದರೆ ಹಿಂದೆ ಹೋಗಲು ಬರುವ ತೀರ್ಮಾನ ಬೇರೆ, ಬಾರದ ತೀರ್ಮಾನ ಬೇರೆ. ಪಾಳಿ ಬದಲಿಸಿದ್ದು ಸರಿ ಆಗದಿದ್ದರೆ ನಾಳೆ ಮೊದಲಿನ ಹಾಗೆ ಮಾಡಬಹುದು. ಅದಕ್ಕೆ ಸಭೆ ಸೇರುವುದು ಬೇಡ, ಮಾಡಿ ನೋಡುವುದು. ಕೊರೆದ ತೂತನ್ನು ಹಿಂದೆ ಕೊಡಲಿಕ್ಕೆ ಆಗುವುದಿಲ್ಲ, ಕಡಿದ ಅಡಿಕೆ ಮರ ಪುನಃ ಫಸಲಿಗೆ ಬರಲು ಐದಾರು ವರ್ಷ. ಅಂಥದ್ದಕ್ಕೆ ನಿಧಾನ ಬೇಕು. ನಾವು ಮಾಡುವುದು ತಿರುಗಾಮುರುಗಾ. ಸ್ಪ್ರಿಂಕ್ಲರ್ ನಾಝಲ್ ಯಾವುದು ಅಂತ ಮೂರು ಅಂಗಡಿ ತಿರುಗ್ತೇವೆ, ಬೋರನ್ನು ಗಾಡಿ ಬಂದ ರಾತ್ರಿಯೇ ಹೊಡೆಸ್ತೇವೆ. ಅಲ್ಲದೆ ಹೊಸ ಬೋರು ಹಳೆಯದರ ಸೆಲೆಗೇ ಬಿದ್ದರೆ ಎರಡೂ ಸೇರಿ ಕೊಡುವುದು ಮೊದಲಿನಷ್ಟೇ ನೀರು. ನಮ್ಮ ಗೂಟ ಇರುವುದು ಹಳೆ ಬೋರಿಗೆ 120 ಅಡಿ ದೂರದಲ್ಲಿ.

ಭಾವನೂ ನಾನೂ ಕೂತು ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು. ಪ್ರತಿ ವರ್ಷ ಜನವರಿ 15 ಮತ್ತು ಮಾರ್ಚ್ 15ಕ್ಕೆ, ಪಂಪು ಎರಡು ಗಂಟೆ ಓಡಿದ ಮೇಲೆ, ಬೋರಿನ ಬಾಯಲ್ಲೂ ಟ್ಯಾಂಕಿನ ಹತ್ತಿರವೂ ಡ್ರಮ್ಮು ಇಟ್ಟು ಅಳೆಯುವುದು. ಎರಡರ ಅಂತರ ಹೆಚ್ಚಾದರೆ ಪೈಪು ನೋಡುವುದು. ಬೋರಿನ ಬಾಯಲ್ಲೇ ನಿಮಿಷಕ್ಕೆ 28 ಲೀಟರಿಗಿಂತ ಕೆಳಗೆ ಹೋದರೆ ಆರು ಗಂಟೆಯಲ್ಲಿ 10,000 ಲೀಟರ್ ಸಿಗುವುದಷ್ಟೆ. ಆಗ ಬುಡಕ್ಕೆ ಸೊಪ್ಪು ಹೆಚ್ಚು ಹಾಕಿ ಒಂದು ಬೇಸಗೆ ನೋಡುವುದು. ಎರಡನೇ ವರ್ಷವೂ ಹಾಗೆಯೇ ಆದರೆ ಬೋರಿನ ಮಾತು ಎತ್ತುವುದು. ಬೇಸಗೆಯ ಗಾಬರಿಯಲ್ಲಿ ಅಲ್ಲ, ಮಳೆಗಾಲ ಕಳೆದು ಸಾವಧಾನದಲ್ಲಿ. ತಣ್ಣಗೆ ಇರುವಾಗ ಬರೆದಿಟ್ಟ ಸಂಖ್ಯೆ ಇದ್ದರೆ ಗಾಡಿಯವನ ಮಾತಿಗೆ ಉತ್ತರ ಕೊಡಲು ಸುಲಭ.

ಸಾಲದ ಅರ್ಜಿ ಕಪಾಟಿನಲ್ಲಿ ಉಂಟು, ಭಾವನ ಸಹಿಯ ಜಾಗ ಖಾಲಿ. ಗುಡ್ಡೆಯ ಬುಡದ ಗೂಟಕ್ಕೆ ಈಗ ಗಬ್ಬದ ದನ ಕಟ್ಟುತ್ತೇವೆ.