ಒಂದೇ ಒಂದು ರೋ ಅಪ್‌ಡೇಟ್ ಆಗ್ತಿಲ್ಲ, ಯಾಕೆ?

ಡೇಟಾಬೇಸ್ ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಕಂಗಾಲು ಮಾಡೋ ಒಂದು ತೊಂದರೆ ಇದೆ. ಟೇಬಲ್‌ನಲ್ಲಿ ಲಕ್ಷ ರೋಗಳಿದ್ರೂ ಎಲ್ಲವೂ ಅಪ್‌ಡೇಟ್ ಆಗ್ತವೆ, ಒಂದು ಮಾತ್ರ ಆಗಲ್ಲ. ಎರರ್ ಕೂಡ ಬರಲ್ಲ, ಸುಮ್ಮನೆ ನಿಂತುಬಿಡುತ್ತೆ. ಆದರೆ ಅದೇ ರೋವನ್ನು ಸೆಲೆಕ್ಟ್ ಮಾಡಿ ನೋಡಿ, ತಕ್ಷಣ ಬರುತ್ತೆ.

ಸುಳಿವು ಇರೋದೇ ಅಲ್ಲಿ. ಓದೋಕಾಗುತ್ತೆ, ಬರೆಯೋಕಾಗಲ್ಲ ಅಂದ್ರೆ ಸಾಮಾನ್ಯವಾಗಿ ರೋ ಕೆಟ್ಟಿಲ್ಲ. ಬೇರೆ ಯಾರೋ ಅದನ್ನು ಲಾಕ್ ಮಾಡಿದ್ದಾರೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಟೀ ಕುಡಿಯೋಕೆ ಇಳಿದುಹೋಗ್ತಾರಲ್ಲ, ಹಾಗೆ. ಒಂದು ಟ್ರಾನ್ಸಾಕ್ಷನ್ ರೋವನ್ನು ಬದಲಿಸಿದ ಮೇಲೆ ಕಮಿಟ್ ಅಥವಾ ರೋಲ್‌ಬ್ಯಾಕ್ ಆಗುವವರೆಗೂ ಅದನ್ನು ಬದಲಿಸಬೇಕಾದ ಉಳಿದವರು ಕಾಯಲೇಬೇಕು. ಓದುವವರಿಗೆ ಹಳೆಯ ಪ್ರತಿ ಸಿಗುತ್ತೆ, ಅವರಿಗೆ ತಡೆ ಇಲ್ಲ.

ಎಷ್ಟು ಹೊತ್ತು ಕಾಯ್ಬೇಕು? ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಡೀಫಾಲ್ಟಾಗಿ 50 ಸೆಕೆಂಡ್ ಕಾದು 1205 ನಂಬರಿನ ಎರರ್ ಕೊಡುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಲಾಕ್ ಟೈಮ್‌ಔಟ್ ಡೀಫಾಲ್ಟ್ 0, ಅಂದ್ರೆ ಮಿತಿಯೇ ಇಲ್ಲ.

ನಾನು ಔಷಧಿ ಸಗಟು ವ್ಯಾಪಾರದ ಸ್ಟಾಕ್ ಸಾಫ್ಟ್‌ವೇರ್ ನೋಡಿಕೊಳ್ತಿದ್ದಾಗ ಒಂದು ಮಧ್ಯಾಹ್ನ ಹೀಗೇ ಆಯ್ತು. ಒಂದೇ ಒಂದು ಔಷಧಿಯ ಬಿಲ್ ಆಗ್ತಿಲ್ಲ, ಮೆಡಿಕಲ್ ಶಾಪ್‌ನವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ. ಸರ್ವರ್ ರೀಸ್ಟಾರ್ಟ್ ಮಾಡೋಣ ಅಂದ್ರು. ನಾನು ಒಪ್ಪಲಿಲ್ಲ. ರೀಸ್ಟಾರ್ಟ್ ಮಾಡಿದ್ರೆ ಕಮಿಟ್ ಆಗದ ಎಲ್ಲರ ಕೆಲಸವೂ ಹೋಗುತ್ತೆ, ಕಾರಣವೂ ಅಳಿಸಿಹೋಗುತ್ತೆ, ನಾಳೆ ಮತ್ತದೇ ಕಥೆ.

ಅದು ಪೋಸ್ಟ್‌ಗ್ರೆಸ್. ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಅನ್ನೋ ವ್ಯೂ ನೋಡಿದ್ರೆ ನಮ್ಮ ಅಪ್‌ಡೇಟ್ ಲಾಕ್‌ಗಾಗಿ ಕಾಯ್ತಾ ಇತ್ತು. ಅದರ ಪಿಐಡಿಯನ್ನು ಪಿಜಿ ಬ್ಲಾಕಿಂಗ್ ಪಿಐಡಿಸ್ ಫಂಕ್ಷನ್‌ಗೆ ಕೊಟ್ಟರೆ ತಡೆದವರ ಪಿಐಡಿ ಬರುತ್ತೆ. ಅವರೂ ಇನ್ನೊಬ್ಬರಿಗಾಗಿ ಕಾಯ್ತಿರಬಹುದು, ಸರಪಳಿಯ ತುದಿಯವರೆಗೂ ಹೋಗಿ. ನಮಗೆ ಸಿಕ್ಕ ಸೆಷನ್‌ನ ಸ್ಥಿತಿ 'ಐಡಲ್ ಇನ್ ಟ್ರಾನ್ಸಾಕ್ಷನ್'. ಅಂದ್ರೆ ಏನನ್ನೂ ಓಡಿಸ್ತಿಲ್ಲ, ಟ್ರಾನ್ಸಾಕ್ಷನ್ ಮಾತ್ರ ತೆರೆದೇ ಇದೆ. ಕ್ಲೈಂಟ್ ಅಡ್ರೆಸ್ ಕಾಲಂ ನೋಡಿದಾಗ ಯಾವ ಕಂಪ್ಯೂಟರ್ ಅಂತಲೂ ಗೊತ್ತಾಯ್ತು. ಗೋಡೌನ್‌ನವರು ಆಟೋ ಕಮಿಟ್ ಆಫ್ ಇದ್ದ ಟೂಲ್‌ನಲ್ಲಿ ಸ್ಟಾಕ್ ತಿದ್ದಿ ಊಟಕ್ಕೆ ಹೋಗಿದ್ರು! ಫೋನ್ ಮಾಡಿ ಕರೆಸಿದ್ವಿ, ಕಮಿಟ್ ಒತ್ತಿದ್ರು, ನಿಂತಿದ್ದ ಬಿಲ್‌ಗಳೆಲ್ಲ ಹೊಸ ಲೆಕ್ಕದ ಮೇಲೆ ಸರಸರ ಮುಂದೆ ಹೋದವು.

ಅವರು ಸಿಗದಿದ್ರೆ? ಪಿಜಿ ಟರ್ಮಿನೇಟ್ ಬ್ಯಾಕೆಂಡ್‌ನಿಂದ ಆ ಒಂದು ಸೆಷನ್ ಮುಗಿಸಬಹುದು. ಆದರೆ ಅವರು ಎಣಿಸಿ ತಿದ್ದಿದ್ದೆಲ್ಲ ರೋಲ್‌ಬ್ಯಾಕ್ ಆಗುತ್ತೆ, ಅದನ್ನು ಅವರಿಗೆ ಹೇಳಲೇಬೇಕು. ಪಿಜಿ ಕ್ಯಾನ್ಸಲ್ ಬ್ಯಾಕೆಂಡ್ ಇಲ್ಲಿ ಕೆಲಸಕ್ಕೆ ಬರಲ್ಲ. ನಿಲ್ಲಿಸೋಕೆ ಕ್ವೆರಿ ಓಡ್ತಾ ಇರಬೇಕಲ್ಲ. ಡೆಡ್‌ಲಾಕ್ ಪತ್ತೆ ವ್ಯವಸ್ಥೆಯನ್ನೂ ನಂಬಬೇಡಿ. ಇಬ್ಬರು ಪರಸ್ಪರ ಕಾಯ್ತಿದ್ರೆ ಅದು ಹಿಡಿಯುತ್ತೆ, ಒಬ್ಬರು ಎದ್ದುಹೋಗಿದ್ರೆ ಅಲ್ಲ.

ಕೋಡ್ ಬರೆಯೋರು ಇನ್ನೊಂದು ಕಡೆ ನೋಡ್ಬೇಕು: ಟ್ರಾನ್ಸಾಕ್ಷನ್ ಶುರುಮಾಡಿ, ರೋ ಬದಲಿಸಿ, ಆಮೇಲೆ ಪೇಮೆಂಟ್ ಗೇಟ್‌ವೇಗೆ ಕಾಯೋ ಕೋಡ್. ಗೇಟ್‌ವೇ ನಿಧಾನವಾದಷ್ಟು ಹೊತ್ತೂ ಲಾಕ್ ಬಿಡಲ್ಲ. ಹೊರಗಿನ ಕರೆಯನ್ನು ಟ್ರಾನ್ಸಾಕ್ಷನ್‌ನಿಂದ ಆಚೆ ಇಡಿ. ಆ್ಯಪ್‌ನ ಸೆಷನ್‌ಗೆ 5 ಸೆಕೆಂಡ್ ಲಾಕ್ ಟೈಮ್‌ಔಟ್ ಕೊಟ್ಟರೆ ಕೌಂಟರ್‌ನಲ್ಲಿ ಕೂತವರಿಗೆ ಕೊನೇಪಕ್ಷ ಒಂದು ಎರರ್ ಆದ್ರೂ ಕಾಣುತ್ತೆ.