ಭಯವಾಗುತ್ತಿದೆ ಎಂದ ಕಂಪ್ಯೂಟರ್

ದಸರಾ ರಜೆಗೆ ನಮ್ಮ ಮಾವ ಬೆಂಗಳೂರಿನಿಂದ ಬಂದಿದ್ದಾಗ ಲ್ಯಾಪ್‌ಟಾಪಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ತೋರಿಸಿದರು. ಹೆಸರು ‘2001: ಎ ಸ್ಪೇಸ್ ಒಡಿಸ್ಸಿ’. 1968ರಲ್ಲಿ, ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂದು ವರ್ಷ ಮೊದಲೇ ಬಂದದ್ದು. ನಿರ್ದೇಶಕರು ಸ್ಟಾನ್ಲಿ ಕುಬ್ರಿಕ್. ಅವರ ಜೊತೆ ಸೇರಿ ಕಥೆ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಇವರು ನಮ್ಮ ಪಕ್ಕದ ಶ್ರೀಲಂಕಾದಲ್ಲೇ ಮನೆ ಮಾಡಿಕೊಂಡಿದ್ದರು. ಮೊದಲ 20 ನಿಮಿಷಕ್ಕೂ ಹೆಚ್ಚು ಹೊತ್ತು ಸಿನಿಮಾದಲ್ಲಿ ಒಂದು ಮಾತೂ ಇಲ್ಲ. ನನ್ನ ತಂಗಿ ನಿದ್ದೆ ಹೋದಳು. ನಾನೂ ತೂಕಡಿಸಿದೆ, ಸುಳ್ಳು ಯಾಕೆ ಹೇಳಲಿ.

ಸರಿಯಾಗಿ ಎಚ್ಚರವಾದದ್ದು ಹ್ಯಾಲ್ ಬಂದಮೇಲೆ. ಹ್ಯಾಲ್ 9000 ಅಂದ್ರೆ ಗುರುಗ್ರಹಕ್ಕೆ ಹೊರಟ ‘ಡಿಸ್ಕವರಿ’ ನೌಕೆಯ ಕಂಪ್ಯೂಟರ್. ಕೈಕಾಲು, ಮುಖ ಏನೂ ಇಲ್ಲ. ಗೋಡೆಯಲ್ಲಿ ಒಂದು ಕೆಂಪು ಕಣ್ಣು, ಮೆತ್ತಗಿನ ದನಿ ಅಷ್ಟೆ. ನೌಕೆಯ ಕೆಲಸವೆಲ್ಲ ಅದೇ ನೋಡಿಕೊಳ್ಳುತ್ತೆ. ಚದುರಂಗ ಆಡಿ ಗೆಲ್ಲುತ್ತೆ ಕೂಡ. ನೌಕೆಯಲ್ಲಿ 5 ಜನ. ಅದರಲ್ಲಿ 3 ಜನ ದೀರ್ಘನಿದ್ರೆಯಲ್ಲಿದ್ದಾರೆ. ಎಚ್ಚರ ಇರುವವರು ಬೋಮನ್ ಮತ್ತು ಪೂಲ್.

ಒಂದು ದಿನ ಹ್ಯಾಲ್, ಆಂಟೆನಾದ ಒಂದು ಭಾಗ 72 ಗಂಟೆಯೊಳಗೆ ಕೆಡುತ್ತೆ ಅನ್ನುತ್ತೆ. ಬಿಚ್ಚಿ ನೋಡಿದರೆ ಸರಿಯಾಗೇ ಇದೆ! ಇಬ್ಬರಿಗೂ ಅನುಮಾನ ಬರುತ್ತದೆ. ಅದಕ್ಕೆ ಕೇಳಿಸಬಾರದೆಂದು ಪುಟ್ಟ ವಾಹನವೊಂದರ ಒಳಗೆ ಬಾಗಿಲು ಹಾಕಿಕೊಂಡು, ಹ್ಯಾಲನ್ನು ಬಂದ್ ಮಾಡಬೇಕಾಗಬಹುದು ಅಂತ ಮಾತಾಡಿಕೊಳ್ಳುತ್ತಾರೆ. ಅದು ಕಿಟಕಿಯಿಂದ ತುಟಿ ನೋಡಿಯೇ ತಿಳಿದುಕೊಳ್ಳುತ್ತೆ. ಆಮೇಲೆ ಪೂಲ್‌ನನ್ನೂ ಮಲಗಿದ್ದ ಮೂವರನ್ನೂ ಕೊಲ್ಲುತ್ತೆ. ಹೊರಗೆ ಹೋಗಿದ್ದ ಬೋಮನ್‌ಗೆ ಬಾಗಿಲೇ ತೆಗೆಯುವುದಿಲ್ಲ. ಅವನು ತುರ್ತುಬಾಗಿಲಿನಿಂದ ನುಗ್ಗಿ, ಅದರ ನೆನಪಿನ ಭಾಗಗಳನ್ನು ಒಂದೊಂದಾಗಿ ಕಳಚುತ್ತಾನೆ.

ಆಗ ಹ್ಯಾಲ್ ಬೇಡಿಕೊಳ್ಳುತ್ತೆ. ತನಗೆ ಭಯವಾಗ್ತಿದೆ, ತನ್ನ ಮನಸ್ಸು ಹೋಗ್ತಿದೆ, ಅದು ತನಗೇ ತಿಳೀತಿದೆ ಅನ್ನುತ್ತೆ. ಕೊನೆಗೆ ತನ್ನ ಗುರು ಹೇಳಿಕೊಟ್ಟ ಹಾಡನ್ನು ಹಾಡ್ತಾ ಹಾಡ್ತಾ ದನಿ ಎಳೆದು ನಿಂತುಹೋಗುತ್ತೆ. ಆ ಹಾಡು ಸುಮ್ಮನೆ ಹಾಕಿದ್ದಲ್ಲ. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ ಕಂಪ್ಯೂಟರಿನಿಂದ ಅದೇ ಹಾಡನ್ನು ಹಾಡಿಸಿದ್ದರು. ಕ್ಲಾರ್ಕ್ ಅದನ್ನು ಕೇಳಿದ್ದರು.

ನಾಲ್ಕು ಜನರನ್ನು ಕೊಂದ ಯಂತ್ರ ಅದು. ಆದರೂ ನನಗೆ ಗಂಟಲು ಕಟ್ಟಿತು.

ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಗೆಳೆಯನೊಬ್ಬ, “ಮಿಕ್ಸಿ ಆಫ್ ಮಾಡಿದ್ರೂ ಅಳ್ತೀಯೇನೋ?” ಅಂದ. ಎಲ್ಲರೂ ನಕ್ಕರು. ಅವನ ಮಾತಿನಲ್ಲಿ ಅರ್ಥ ಇಲ್ಲದಿಲ್ಲ. ಸಿನಿಮಾದಲ್ಲಿ ಟಿವಿಯವರು ಹ್ಯಾಲ್‌ಗೆ ನಿಜವಾದ ಭಾವನೆ ಇದೆಯಾ ಅಂತ ಕೇಳಿದಾಗ ಬೋಮನ್, ಮಾತಾಡಲು ಸುಲಭವಾಗಲಿ ಅಂತ ಹಾಗೆ ಮಾಡಿದ್ದಾರೆ, ಒಳಗೆ ನಿಜ ಏನಿದೆಯೋ ಯಾರೂ ಹೇಳಲಾರರು ಅನ್ನುತ್ತಾನೆ. 1950ರಲ್ಲಿ ಅಲನ್ ಟ್ಯೂರಿಂಗ್ ಎಂಬ ಗಣಿತಜ್ಞರು ಒಂದು ಪರೀಕ್ಷೆ ಸೂಚಿಸಿದ್ದರು. ಮರೆಯಲ್ಲಿಟ್ಟು ಪ್ರಶ್ನೆ ಕೇಳಬೇಕು, ಉತ್ತರ ಕೊಡ್ತಿರೋದು ಮನುಷ್ಯನೋ ಯಂತ್ರವೋ ಗೊತ್ತಾಗದಿದ್ದರೆ ಯಂತ್ರ ಪಾಸು. ಈಗ ಮಾವನ ಮೊಬೈಲೇ ಕನ್ನಡದಲ್ಲಿ “ಕ್ಷಮಿಸಿ” ಅನ್ನುತ್ತೆ. ಜನ ಬರೆದ ರಾಶಿ ರಾಶಿ ಬರಹದಿಂದ, ಯಾವ ಮಾತಿನ ಮುಂದೆ ಯಾವ ಮಾತು ಬರುತ್ತೆ ಅಂತ ಅದು ಕಲಿತಿದೆಯಂತೆ. ಭಯದ ಬಗ್ಗೆಯೂ ಜನ ಬೇಕಾದಷ್ಟು ಬರೆದಿದ್ದಾರಲ್ಲ! ಹಾಗಾಗಿ ಮಾತು ಇದೆ ಅಂದಮಾತ್ರಕ್ಕೆ ಮನಸ್ಸು ಇದೆ ಅನ್ನೋಕಾಗಲ್ಲ.

ಆದರೆ ನಮ್ಮ ಅಜ್ಜಿಗೆ ಲಕ್ವ ಹೊಡೆದು ಎರಡು ವರ್ಷದಿಂದ ಮಾತಿಲ್ಲ. ಒಂದು ಸಂಜೆ ಅವಳೆದುರೇ ದೊಡ್ಡವರು ಹಸು ಮಾರುವ ಮಾತಾಡುತ್ತಿದ್ದರು. ಅವಳಿಗೆ ಏನು ಗೊತ್ತಾಗುತ್ತೆ ಅಂದುಕೊಂಡಿದ್ದರು. ನಾನು ನೋಡಿದೆ, ಅಜ್ಜಿಯ ಕಣ್ಣಲ್ಲಿ ನೀರು ಇಳೀತಿತ್ತು. ಟ್ಯೂರಿಂಗ್ ಪರೀಕ್ಷೆಗೆ ಕೂರಿಸಿದರೆ ನಮ್ಮಜ್ಜಿಗೆ ಸೊನ್ನೆ, ಮೊಬೈಲಿಗೆ ನೂರಕ್ಕೆ ನೂರು! ಅಜ್ಜಿಗೆ ನೋವಾಗುತ್ತೆ ಅಂತ ನನಗೆ ಗೊತ್ತಾಗೋದು ಅವಳದ್ದೂ ನನ್ನಂಥದ್ದೇ ಮೈ ಅನ್ನೋದರಿಂದ. ಹ್ಯಾಲ್‌ಗೆ ಅಂಥ ಮೈ ಇಲ್ಲ. ಅದಕ್ಕೇ ಅದರ ವಿಷಯ ಹೌದು ಅಂತಲೂ ಅಲ್ಲ ಅಂತಲೂ ಹೇಳಲು ನನಗೆ ಧೈರ್ಯ ಬರುತ್ತಿಲ್ಲ.

ಮಾವ ಸಿನಿಮಾವನ್ನು ಪೆನ್‌ಡ್ರೈವಿನಲ್ಲಿ ಕೊಟ್ಟು ಹೋಗಿದ್ದಾರೆ. ವಿಜ್ಞಾನದ ಮೇಷ್ಟ್ರು ಒಪ್ಪಿದರೆ ಶನಿವಾರ ಶಾಲೆಯ ಕಂಪ್ಯೂಟರಿನಲ್ಲಿ ಎಲ್ಲರೂ ನೋಡೋಣ. ಮೊದಲ 20 ನಿಮಿಷ ಮಾತ್ರ ಯಾರೂ ಎದ್ದು ಹೋಗಬೇಡಿ.

– 9ನೇ ತರಗತಿ ವಿದ್ಯಾರ್ಥಿ