ಗೂಡಲೂರಿನ ಹೆರಿಗೆ ಲೆಕ್ಕ

ನೀಲಗಿರಿಯ ಗೂಡಲೂರಿನಲ್ಲಿ ಸ್ಟ್ಯಾನ್ ಮತ್ತು ಮಾರಿ ತೇಕೆಕರ ದಂಪತಿ ಕಟ್ಟಿದ ‘ಅಕಾರ್ಡ್’ ಸಂಸ್ಥೆ ಆದಿವಾಸಿಗಳ ಭೂಮಿ ಹಕ್ಕಿಗಾಗಿ ಹೋರಾಡುತ್ತಿತ್ತು. 1987ರಲ್ಲಿ ವೈದ್ಯ ದಂಪತಿ ರೂಪಾ ಮತ್ತು ಎನ್. ದೇವದಾಸನ್ ಬಂದು ಸೇರಿದ ಮೇಲೆ ಅಲ್ಲಿ ಆರೋಗ್ಯದ ಕೆಲಸವೂ ಶುರುವಾಯಿತು. ಅವರು ಆಸ್ಪತ್ರೆ ಕಟ್ಟಲು ಅವಸರಪಡಲಿಲ್ಲ. ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕ ಸಮುದಾಯಗಳ ಯುವಜನರಿಗೇ ತರಬೇತಿ ಕೊಟ್ಟು ಹಾಡಿಗಳಿಗೆ ಕಳಿಸಿದರು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ರಕ್ತ ಕಡಿಮೆ, ಯಾವ ಮಗುವಿನ ತೂಕ ಏರುತ್ತಿಲ್ಲ ಎಂಬುದನ್ನು ಈ ಯುವಜನರು ಬರೆದಿಟ್ಟುಕೊಳ್ಳತೊಡಗಿದರು.

ಈ ಬರವಣಿಗೆಯ ಬೆಲೆ ದೊಡ್ಡದು. ಹಾಡಿಯಲ್ಲೇ ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡ ಮಗು ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಇರುವುದಿಲ್ಲ. ಹುಟ್ಟೇ ದಾಖಲಾಗದಿದ್ದರೆ ಸಾವಿನ ಪ್ರಮಾಣ ಹೇಳುವುದು ಹೇಗೆ? 1990ರಲ್ಲಿ, ಈ ಕೆಲಸದಿಂದಲೇ ಬೆಳೆದ ‘ಅಶ್ವಿನಿ’ ಸಂಸ್ಥೆಯ ಗೂಡಲೂರು ಆದಿವಾಸಿ ಆಸ್ಪತ್ರೆ ಬಾಗಿಲು ತೆರೆಯಿತು. ಸ್ತ್ರೀರೋಗ ತಜ್ಞೆ ಶೈಲಾದೇವಿ, ಶಸ್ತ್ರವೈದ್ಯ ನಂದಕುಮಾರ್ ಮೆನನ್ ಅದರ ಹೊಣೆ ಹೊತ್ತರು. ಆದಿವಾಸಿ ಹೆಣ್ಣುಮಕ್ಕಳೇ ದಾದಿಯರಾದರು. ಹಾಡಿಯಲ್ಲಿ ಬರೆದ ಹೆಸರಿಗೆ ಈಗ ಹೆರಿಗೆಯ ಹಾಸಿಗೆಯೂ ಸಿಕ್ಕಿತು.

ಸರ್ಕಾರದ ಲೆಕ್ಕ ಬೇರೆ ದಾರಿಯಲ್ಲಿ ಬಂತು. ತಾಯಂದಿರ ಸಾವುಗಳನ್ನು ಒಂದೊಂದಾಗಿ ವಿಚಾರಿಸಿ ಬರೆಯುವ ಪದ್ಧತಿ ತಮಿಳುನಾಡಿನಲ್ಲಿ 1990ರ ದಶಕದಲ್ಲೇ ಬೇರೂರಿತು. 2008ರಲ್ಲಿ ‘ಪಿಕ್ಮಿ’ ಎಂಬ ಗಣಕ ವ್ಯವಸ್ಥೆ ಬಂದು, ಗರ್ಭಿಣಿಯರನ್ನು ಹೆಸರು ಹಿಡಿದು ದಾಖಲಿಸತೊಡಗಿತು. ಮುಂದೆ ಆ ನೋಂದಣಿ ಸಂಖ್ಯೆಯನ್ನು ಮಗುವಿನ ಜನನ ಪತ್ರಕ್ಕೂ ಜೋಡಿಸಲಾಯಿತು. ಫಲಿತಾಂಶ ಕಣ್ಣಿಗೆ ಕಾಣುವಂಥದ್ದು: 2018–20ರ ಮಾದರಿ ನೋಂದಣಿ ಸಮೀಕ್ಷೆಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು ದೇಶದಲ್ಲಿ 97, ಕರ್ನಾಟಕದಲ್ಲಿ 69, ತಮಿಳುನಾಡಿನಲ್ಲಿ 54.

ಆದರೆ ಈ 54ರಲ್ಲಿ ನೀಲಗಿರಿಯ ಮಸಿನಗುಡಿಯ ಹಾಡಿಯನ್ನು ಹುಡುಕಿದರೆ ಸಿಗುವುದಿಲ್ಲ. ಆ ಸಮೀಕ್ಷೆ ತಾಯಂದಿರ ಸಾವಿನ ಅಂಕಿ ಕೊಡುವುದು ರಾಜ್ಯಕ್ಕೆ ಮಾತ್ರ. ಜಿಲ್ಲೆಗೆ ಕೊಟ್ಟರೂ ಕಷ್ಟವೇ. 2011ರ ಜನಗಣತಿಯಂತೆ ನೀಲಗಿರಿಯ 7,35,394 ಜನರಲ್ಲಿ ಪರಿಶಿಷ್ಟ ಪಂಗಡದವರು 32,813. ಇಷ್ಟು ಸಣ್ಣ ಗುಂಪಿನ ಸಂಕಟ ಜಿಲ್ಲೆಯ ಸರಾಸರಿಯಲ್ಲಿ ಕರಗಿಹೋಗುತ್ತದೆ. ಬೇರೆಯಾಗಿ ಲೆಕ್ಕ ಹಾಕಿದರೆ ಇನ್ನೊಂದು ತೊಡಕು: ವರ್ಷಕ್ಕೆ ನೂರು ಹೆರಿಗೆಯಾಗುವ ಸಮುದಾಯದಲ್ಲಿ ಒಬ್ಬಳು ತಾಯಿ ಸತ್ತರೂ ಪ್ರಮಾಣ ಲಕ್ಷಕ್ಕೆ ಒಂದು ಸಾವಿರವಾಗಿ ಜಿಗಿಯುತ್ತದೆ, ಮರುವರ್ಷ ಯಾರೂ ಸಾಯದಿದ್ದರೆ ಸೊನ್ನೆ. ಇಂಥಲ್ಲಿ ಪ್ರಮಾಣಕ್ಕಿಂತ ಆ ಒಂದು ಸಾವಿನ ಪೂರ್ತಿ ವಿವರವೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ನಂಬಿಕೆ. ನೋವು ಎಷ್ಟು ಹೊತ್ತಿಗೆ ಶುರುವಾಯಿತು, ವಾಹನ ಯಾವಾಗ ಬಂತು, ಯಾವ ಆಸ್ಪತ್ರೆಯಿಂದ ಯಾವುದಕ್ಕೆ ಕಳಿಸಿದರು, ರಕ್ತ ಸಿಕ್ಕಿತೇ? ಮಸಿನಗುಡಿಯಿಂದ ಊಟಿಗೆ ಹತ್ತಿರದ ದಾರಿಯೆಂದರೆ ಕಲ್ಲಟ್ಟಿ ಘಾಟಿಯ 36 ತಿರುವುಗಳು. ಅದನ್ನು ಯಾವ ಶೇಕಡಾವಾರೂ ತೋರಿಸದು.

ಸಮುದಾಯವಾರು ಲೆಕ್ಕ ಏಕೆ ಬೇಕೆಂಬುದಕ್ಕೆ ನೀಲಗಿರಿಯಲ್ಲೇ ಹಳೆಯ ಸಾಕ್ಷಿ ಇದೆ. ಭಾರತದಲ್ಲಿ ಕುಡಗೋಲು ಕಣ ರಕ್ತದೋಷವನ್ನು (ಸಿಕಲ್ ಸೆಲ್) ಸಂಶೋಧಕರಾದ ಲೇಮನ್ ಮತ್ತು ಕಟ್‌ಬುಷ್ ಮೊದಲು ಗುರುತಿಸಿದ್ದು 1952ರಲ್ಲಿ, ಇಲ್ಲಿನ ಬುಡಕಟ್ಟು ಜನರಲ್ಲೇ. ಈ ಕಾಯಿಲೆ ಇರುವ ಹೆಂಗಸಿಗೆ ಬಸಿರು ಹೆಚ್ಚು ಅಪಾಯಕಾರಿ. ಬರೀ ‘ರಕ್ತಹೀನತೆ’ ಎಂದು ಗುರುತು ಹಾಕಿ ಕಬ್ಬಿಣದ ಮಾತ್ರೆ ಕೊಟ್ಟರೆ ಸಾಲದು.

ಗಡಿಯೂ ಲೆಕ್ಕವನ್ನು ತುಂಡು ಮಾಡುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ರೂಢಿ. ಗೂಡಲೂರಿನ ಹುಡುಗಿಯ ತವರು ಗುಂಡ್ಲುಪೇಟೆಯೋ ವಯನಾಡೋ ಆಗಿರಬಹುದು. ಅವಳ ಬಸಿರು ಒಂದು ರಾಜ್ಯದಲ್ಲಿ, ಹೆರಿಗೆ ಇನ್ನೊಂದರಲ್ಲಿ. ತಮಿಳುನಾಡಿನ ನೋಂದಣಿ ಸಂಖ್ಯೆ, ಕರ್ನಾಟಕದ ತಾಯಿ ಕಾರ್ಡ್ ಎರಡೂ ಒಬ್ಬಳದೇ ಎಂದು ತಿಳಿಯದಿದ್ದರೆ ಆರನೆಯ ವಾರದ ಬಾಣಂತಿ ಭೇಟಿ ಯಾರ ಪಟ್ಟಿಗೂ ಸೇರುವುದಿಲ್ಲ.

ಗೂಡಲೂರಿನಲ್ಲಿ ಹಾಡಿ ಸುತ್ತಿದ ದೇವದಾಸನ್ ಮುಂದೆ ಬೆಂಗಳೂರಿಗೆ ಬಂದು ಸಾರ್ವಜನಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದರು. ಅದರ ಸಂಶೋಧಕರು ಈಗ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ, ಆದಿವಾಸಿಗಳ ಆರೋಗ್ಯ ಉಳಿದವರಿಗಿಂತ ಏಕೆ ಹಿಂದುಳಿದಿದೆ ಎಂದು ಕೇಳುತ್ತಿದ್ದಾರೆ.